ತಲೆಗೆ ಪೆಟ್ಟಾದ ಮೇಲೆ ಎಷ್ಟು ನಡೆಯಬೇಕು, ಎಲ್ಲಿ ನಿಲ್ಲಬೇಕು: ಮನೆಯಲ್ಲಿ ಏರೋಬಿಕ್ ವ್ಯಾಯಾಮದ ಮಾರ್ಗದರ್ಶಿ

ತಲೆಗೆ ಪೆಟ್ಟಾಗಿ ಆಸ್ಪತ್ರೆಯಿಂದ ಮನೆಗೆ ಬಂದವರಿಗೆ ಕೋಲಾರದ ಕಡೆ ಮೊದಲು ಸಿಗುವ ಸಲಹೆ, "ಸುಮ್ನೆ ಮಲ್ಕೋ, ತಲೆ ಅಲ್ಲಾಡಿಸ್ಬೇಡ." ಹೇಳುವವರ ಕಾಳಜಿ ನಿಜವಾದದ್ದೇ, ಮೊದಲ ಒಂದೆರಡು ದಿನಕ್ಕೆ ಆ ಮಾತೂ ಸರಿಯೇ. ಆದರೆ ಅದನ್ನೇ ತಿಂಗಳುಗಟ್ಟಲೆ ಪಾಲಿಸಿದರೆ ಪೆಟ್ಟಿನ ಜೊತೆಗೆ ಮಲಗಿದ್ದರ ತೊಂದರೆಗಳೂ ಸೇರಿಕೊಳ್ಳುತ್ತವೆ. ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ, ತೊಡೆಯ ಸ್ನಾಯು ಸೊರಗುತ್ತದೆ, ಹಗಲು ನಿದ್ದೆ ಹೆಚ್ಚಾಗಿ ರಾತ್ರಿ ನಿದ್ದೆ ಕೆಡುತ್ತದೆ, ಮನಸ್ಸು ಕುಗ್ಗುತ್ತದೆ. ಆಮೇಲೆ ಇವೆಲ್ಲ ಪೆಟ್ಟಿನಿಂದಲೇ ಬಂದವು ಎಂದುಕೊಂಡು ಇನ್ನಷ್ಟು ಮಲಗಿಸುತ್ತಾರೆ.

ಪೆಟ್ಟಿನ ನಂತರ ಮಿದುಳಿಗೆ ಹೋಗುವ ರಕ್ತದ ಹರಿವನ್ನು, ಎದೆಬಡಿತವನ್ನು ಹದದಲ್ಲಿಡುವ ನರವ್ಯವಸ್ಥೆ ಏರುಪೇರಾಗಿರುತ್ತದೆ. ಹಾಗಾಗಿ ಶ್ರಮಪಟ್ಟಾಗ ನಾಡಿ ಒಂದು ಮಟ್ಟ ದಾಟಿದರೆ ತಲೆನೋವು, ತಲೆಸುತ್ತು, ಮಂಕು ಶುರುವಾಗುತ್ತವೆ. ಆ ಮಟ್ಟವನ್ನು ಕಂಡುಹಿಡಿದು, ಅದಕ್ಕಿಂತ ಸ್ವಲ್ಪ ಕೆಳಗೆ ದಿನವೂ ಏರೋಬಿಕ್ ವ್ಯಾಯಾಮ, ಅಂದರೆ ನಡಿಗೆ, ಪೆಡಲು ತುಳಿತದಂಥ ಎದೆಬಡಿತ ಏರಿಸುವ ವ್ಯಾಯಾಮ, ಮಾಡಿದರೆ ಮಿತಿ ನಿಧಾನವಾಗಿ ಮೇಲೇರುತ್ತದೆ. ಈ ಲೇಖನದ ಹುರುಳು ಇಷ್ಟೇ: ಪೂರ್ತಿ ಮಲಗುವುದೂ ಬೇಡ, ಹಟ ಹಿಡಿದು ಓಡುವುದೂ ಬೇಡ, ನಾಡಿ ಅಳೆದು ನಡೆಯಿರಿ.

ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಜಾನ್ ಲೆಡ್ಡಿ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಟವಾಡುವಾಗ ತಲೆಗೆ ಪೆಟ್ಟಾದ ಹದಿಹರೆಯದವರಲ್ಲಿ ಒಂದು ಗುಂಪು ಹೀಗೆ ಮಿತಿಯೊಳಗೆ ಏರೋಬಿಕ್ ವ್ಯಾಯಾಮ ಮಾಡಿತು, ಇನ್ನೊಂದು ಬರೀ ಮೈ ಚಾಚುವ ವ್ಯಾಯಾಮ ಮಾಡಿತು. ಮೊದಲ ಗುಂಪಿನಲ್ಲಿ ಅರ್ಧದಷ್ಟು ಮಂದಿ 13 ದಿನದೊಳಗೆ ಚೇತರಿಸಿಕೊಂಡರು, ಎರಡನೆಯ ಗುಂಪಿನಲ್ಲಿ ಅದಕ್ಕೆ 17 ದಿನ ಹಿಡಿಯಿತು. ಇದು ಸಣ್ಣ ಪೆಟ್ಟಿನ ಲೆಕ್ಕ. ದೊಡ್ಡ ಪೆಟ್ಟಿಗೆ ಇಂಥ ದಿನಗಳ ಲೆಕ್ಕ ಹೊಂದುವುದಿಲ್ಲ. ಅಲ್ಲಿ ವ್ಯಾಯಾಮದಿಂದ ದಣಿಯದೆ ಶ್ರಮಪಡುವ ತ್ರಾಣ ಹೆಚ್ಚುತ್ತದೆ, ಮನಸ್ಸು ಮತ್ತು ನಿದ್ದೆ ಸುಧಾರಿಸಲು ನೆರವಾಗುತ್ತದೆ. ನೆನಪಿನ ಶಕ್ತಿ ಇದರಿಂದಲೇ ಮರಳುತ್ತದೆ ಎಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ.

ಯಾವ ದಾರಿ ನಿಮ್ಮದು

ಡಿಸ್ಚಾರ್ಜ್ ಸಮ್ಮರಿ ತೆಗೆದು ಜಿ.ಸಿ.ಎಸ್. ಅಂಕ ನೋಡಿ. ಆಸ್ಪತ್ರೆಗೆ ಬಂದಾಗ ಎಚ್ಚರ ಎಷ್ಟಿತ್ತು ಎಂಬುದರ ಅಳತೆ ಅದು. 13ರಿಂದ 15 ಇದ್ದರೆ ಸಣ್ಣ ಪೆಟ್ಟು, 9ರಿಂದ 12 ಮಧ್ಯಮ, 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ. ಅಂಕ 15 ಇದ್ದರೂ ಸಿ.ಟಿ. ಸ್ಕ್ಯಾನಿನಲ್ಲಿ ರಕ್ತ ಕಂಡಿದ್ದರೆ ಮಧ್ಯಮ, ತೀವ್ರ ಪೆಟ್ಟಿನವರ ದಾರಿಯಲ್ಲೇ (ಕೆಳಗಿನ "ದೊಡ್ಡ ಪೆಟ್ಟು" ಭಾಗ) ಹೋಗಿ.

ಸಣ್ಣ ಪೆಟ್ಟಾಗಿ, ಸ್ಕ್ಯಾನ್ ಚೆನ್ನಾಗಿದ್ದರೆ 24ರಿಂದ 48 ಗಂಟೆ ಆರಾಮವಾಗಿರಿ. ಆ ಹೊತ್ತಿನಲ್ಲೂ ಮನೆಯೊಳಗೆ ಓಡಾಡಬಹುದು, ಸ್ನಾನ ಮಾಡಬಹುದು. ಫೋನು, ಟಿ.ವಿ. ಮಾತ್ರ ಆದಷ್ಟು ಕಡಿಮೆ ಇರಲಿ. ನಂತರ, ವೈದ್ಯರು ಬೇಡವೆನ್ನದಿದ್ದರೆ, ನಡಿಗೆ ಶುರುಮಾಡಬಹುದು. ಮಧ್ಯಮ ಅಥವಾ ತೀವ್ರ ಪೆಟ್ಟಾದವರು, ಆಪರೇಷನ್ ಆದವರು ನ್ಯೂರೋಸರ್ಜನ್ ಒಪ್ಪಿದ ಮೇಲಷ್ಟೇ ಶುರುಮಾಡಬೇಕು. ಮೊದಲ ಕೆಲವು ಸಲ ಫಿಜಿಯೋಥೆರಪಿಸ್ಟ್ ಎದುರಿಗೇ ಮಾಡಬೇಕು.

ವೈದ್ಯರ ಮುಂದೆ "ವ್ಯಾಯಾಮ ಮಾಡಬಹುದಾ ಸಾರ್?" ಎಂದು ಕೇಳಿದರೆ "ಮಾಡಿ" ಎಂಬ ಒಂದೇ ಮಾತಿನ ಉತ್ತರ ಬರುತ್ತದೆ, ಅದರಿಂದ ಉಪಯೋಗವಿಲ್ಲ. ಹೀಗೆ ಬಿಡಿಸಿ ಕೇಳಿ: ನಾಡಿ ಎಷ್ಟರವರೆಗೆ ಏರಬಹುದು? ರಕ್ತದೊತ್ತಡ ಎಷ್ಟಿದ್ದರೆ ಆ ದಿನ ಮಾಡಬಾರದು? ಕೊಟ್ಟಿರುವ ಮಾತ್ರೆಗಳಲ್ಲಿ ನಾಡಿಯನ್ನು ತಗ್ಗಿಸುವುದು ಯಾವುದಾದರೂ ಇದೆಯೇ? ಫಿಟ್ಸ್ ಬರುವ ಸಾಧ್ಯತೆ ಎಷ್ಟು? ಕುತ್ತಿಗೆ ಮೂಳೆಗೆ ಏನಾದರೂ ಆಗಿದೆಯೇ? ಮೂರನೆಯದನ್ನು ಬಹಳ ಮಂದಿ ಕೇಳುವುದೇ ಇಲ್ಲ. ತಲೆನೋವಿಗೋ ಬಿ.ಪಿ.ಗೋ ಕೊಡುವ ಪ್ರೊಪ್ರನೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರ ನಾಡಿ ಎಷ್ಟು ಶ್ರಮಪಟ್ಟರೂ ತಕ್ಕಷ್ಟು ಏರುವುದಿಲ್ಲ. ಅಂಥವರು ನಾಡಿಯ ಲೆಕ್ಕ ಹಿಡಿದು ಹೊರಟರೆ ಮಿತಿ ಮೀರಿ ದಣಿಯುತ್ತಾರೆ. ಅವರಿಗೆ ಕೆಳಗೆ ಹೇಳಿರುವ ಮಾತಿನ ಪರೀಕ್ಷೆಯೇ ಅಳತೆ.

ಮಿದುಳು ಬಾತಿದ್ದರಿಂದ ತಲೆಯ ಮೂಳೆಯ ತುಂಡನ್ನು ತೆಗೆದಿಟ್ಟಿದ್ದರೆ ಆ ಜಾಗದಲ್ಲಿ ಚರ್ಮದ ಕೆಳಗೆ ರಕ್ಷಣೆಯೇ ಇರುವುದಿಲ್ಲ. ಅಂಥವರು ಮೂಳೆ ಮತ್ತೆ ಕೂರಿಸುವವರೆಗೆ ಹೆಲ್ಮೆಟ್ಟಿಲ್ಲದೆ ಹಾಸಿಗೆಯಿಂದ ಇಳಿಯಬಾರದು. ಬೈಕಿನ ಭಾರದ ಹೆಲ್ಮೆಟ್ ಬೇಡ, ಆ ಜಾಗವನ್ನು ಒತ್ತದ ಹಗುರವಾದದ್ದನ್ನು ಆಸ್ಪತ್ರೆಯವರನ್ನು ಕೇಳಿ ತೆಗೆದುಕೊಳ್ಳಿ. ಎದ್ದು ಕೂತರೆ ತಲೆನೋವು ಹೆಚ್ಚಾಗಿ ಮಲಗಿದರೆ ಇಳಿಯುತ್ತಿದ್ದರೆ, ಮೂಳೆ ತೆಗೆದ ಜಾಗ ಒಳಗೆ ಕುಸಿದಂತೆ ಕಂಡರೆ ವ್ಯಾಯಾಮ ನಿಲ್ಲಿಸಿ ಸರ್ಜನ್‌ಗೆ ತೋರಿಸಿ.

ಬೇಕಾಗುವ ಸಾಮಾನು

ಸೆಕೆಂಡಿನ ಮುಳ್ಳಿರುವ ಗಡಿಯಾರ, ಒಂದು ನೋಟ್‌ಬುಕ್, ಹಿಮ್ಮಡಿ ಹಿಡಿದಿಡುವ ಬೂಟು, ಕೈ ಇರುವ ಗಟ್ಟಿ ಕುರ್ಚಿ. ಹವಾಯಿ ಚಪ್ಪಲಿಯಲ್ಲಿ ನಡೆಯಬೇಡಿ, ಕಾಲಿನ ಬೆರಳು ಎತ್ತಲಾರದವರು ಎಡವುವುದೇ ಅದರಲ್ಲಿ. ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಮನೆಯಲ್ಲಿದ್ದರೆ ಹೊರಗೆ ತೆಗೆಯಿರಿ, ಅದು ನಾಡಿಯನ್ನೂ ತೋರಿಸುತ್ತದೆ. ನಡೆಯುತ್ತಾ ನೋಡಿದರೆ ಮಾತ್ರ ತಪ್ಪು ಅಂಕಿ ಬರುತ್ತದೆ. ನಿಂತು, ಕೈ ಅಲುಗದಂತೆ ಹಿಡಿದು, ಅಂಕಿ ಸ್ಥಿರವಾದ ಮೇಲೆ ಓದಿ. ಮೆಹೆಂದಿ, ನೇಲ್ ಪಾಲಿಶ್ ಇರುವ ಬೆರಳು ಬೇಡ.

ಉಪಕರಣ ಇಲ್ಲದಿದ್ದರೂ ಚಿಂತೆಯಿಲ್ಲ. ಅಂಗೈ ಮೇಲ್ಮುಖವಾಗಿರುವಂತೆ ಕೈ ಇಡಿಸಿ, ಹೆಬ್ಬೆರಳಿನ ಬುಡದಿಂದ ಎರಡು ಬೆರಳಿನಷ್ಟು ಕೆಳಗೆ, ಮಣಿಕಟ್ಟಿನ ಹೊರ ಅಂಚಿನ ತಗ್ಗಿನಲ್ಲಿ ನಿಮ್ಮ ತೋರುಬೆರಳು ಮತ್ತು ನಡುಬೆರಳಿಟ್ಟು ಹಗುರವಾಗಿ ಒತ್ತಿ. ಜೋರಾಗಿ ಒತ್ತಿದರೆ ಬಡಿತವೇ ನಿಂತಂತಾಗುತ್ತದೆ. ಹೆಬ್ಬೆರಳಿನಿಂದ ಹಿಡಿಯಬೇಡಿ, ಅದರದೇ ಬಡಿತ ಲೆಕ್ಕ ತಪ್ಪಿಸುತ್ತದೆ. 15 ಸೆಕೆಂಡು ಎಣಿಸಿ 4ರಿಂದ ಗುಣಿಸಿ. ವ್ಯಾಯಾಮ ನಿಲ್ಲಿಸಿದ ಕೂಡಲೇ ಎಣಿಸಬೇಕು, ಒಂದು ನಿಮಿಷ ತಡವಾದರೆ ನಾಡಿ ಆಗಲೇ ಇಳಿದಿರುತ್ತದೆ.

ಸಣ್ಣ ಪೆಟ್ಟು: ಮಿತಿ ಕಂಡುಹಿಡಿಯುವುದು

ಆಸ್ಪತ್ರೆಯಲ್ಲಿ ಇದನ್ನು ಟ್ರೆಡ್‌ಮಿಲ್ ಮೇಲೆ ಮಾಡುತ್ತಾರೆ. ಗಂಟೆಗೆ ಸುಮಾರು 5 ಕಿ.ಮೀ. ವೇಗದಲ್ಲಿ ಸಮತಟ್ಟಾಗಿ ಶುರುಮಾಡಿ, ಪ್ರತಿ ನಿಮಿಷಕ್ಕೂ ಏರನ್ನು 1 ಪ್ರತಿಶತ ಹೆಚ್ಚಿಸುತ್ತಾ, ನಿಮಿಷ ನಿಮಿಷಕ್ಕೂ ಹೇಗನಿಸುತ್ತಿದೆ ಎಂದು ಕೇಳುತ್ತಾರೆ. ಇದನ್ನು ಜಿಮ್ಮಿನಲ್ಲಿ ಒಬ್ಬರೇ ಹೋಗಿ ಮಾಡಬಾರದು. ಮನೆಯಲ್ಲಿ ಮಾಡುವುದಾದರೆ ಅದರ ಮೃದುವಾದ ರೂಪ ಸಾಕು. ಜೊತೆಗೆ ಒಬ್ಬರು ಇರಲೇಬೇಕು.

1. ಐದು ನಿಮಿಷ ಕೂತು ನಾಡಿ ಬರೆದುಕೊಳ್ಳಿ. ತಲೆನೋವು, ತಲೆಸುತ್ತು, ಮಂಕು ಎಲ್ಲ ಸೇರಿ ಈಗ ಎಷ್ಟು ತೊಂದರೆ ಇದೆ ಎಂದು 0ರಿಂದ 10ರೊಳಗೆ ಒಂದು ಅಂಕ ಹೇಳಿಸಿ. ಕೂತಾಗಲೇ 7 ಅಥವಾ ಹೆಚ್ಚಿದ್ದರೆ ಇವತ್ತು ಬೇಡ.

2. ಸಮತಟ್ಟಾದ ಜಾಗದಲ್ಲಿ 3 ನಿಮಿಷ ನಿಧಾನವಾಗಿ ನಡೆಸಿ. ನಂತರ ಪ್ರತಿ 2 ನಿಮಿಷಕ್ಕೊಮ್ಮೆ ವೇಗ ಸ್ವಲ್ಪ ಹೆಚ್ಚಿಸಿ. ಪ್ರತಿ ಸಲ ವೇಗ ಹೆಚ್ಚಿಸುವ ಮೊದಲು ಅಂಕ ಕೇಳಿ, ನಾಡಿ ನೋಡಿ.

3. ಶುರುವಿನ ಅಂಕಕ್ಕಿಂತ 2 ಹೆಚ್ಚಾದ ಕೂಡಲೇ ನಿಲ್ಲಿಸಿ, ಆಗಿನ ನಾಡಿ ಬರೆದುಕೊಳ್ಳಿ. ಅದೇ ಮಿತಿ. ಅಂಕ ಏರದಿದ್ದರೂ ಏದುಸಿರು ಬಂದರೆ, ಅಥವಾ 20 ನಿಮಿಷವಾದರೆ ಸಾಕು.

4. ಆ ನಾಡಿಯ 80ರಿಂದ 90 ಪ್ರತಿಶತ ಲೆಕ್ಕ ಹಾಕಿ. ಮಿತಿ 140 ಇದ್ದರೆ ದಿನದ ವ್ಯಾಯಾಮದಲ್ಲಿ ನಾಡಿ 112ರಿಂದ 126ರೊಳಗಿರಬೇಕು. ಮೊದಲ ವಾರ 112ರ ಹತ್ತಿರವೇ ಇರಲಿ.

ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು. ಪೆಟ್ಟಾದ ಮಿದುಳಿಗೆ ಮನೆಮಾತಿನಲ್ಲಿ ಕೇಳಿದರೆ ಉತ್ತರ ಬೇಗ ಸಿಗುತ್ತದೆ, ಆದ್ದರಿಂದ ಅಂಕವನ್ನು ಆ ಮಾತಿನಲ್ಲೇ ಕೇಳಿ. ಮಾತು ಹೊರಡದವರಿಗೆ ಅಂಕವನ್ನು ಕೈಬೆರಳುಗಳಲ್ಲಿ ತೋರಿಸಲು ಹೇಳಿ.

ಇನ್ನು ದಿನದ ಕ್ರಮ. 5 ನಿಮಿಷ ನಿಧಾನ ನಡಿಗೆ, 20 ನಿಮಿಷ ಲೆಕ್ಕದ ನಾಡಿಯಲ್ಲಿ, ಮತ್ತೆ 5 ನಿಮಿಷ ನಿಧಾನ. ವಾರಕ್ಕೆ 5-6 ದಿನ. ವ್ಯಾಯಾಮದ ವೇಳೆ ತೊಂದರೆ 2 ಅಂಕದವರೆಗೆ ಹೆಚ್ಚಾಗಿ ಒಂದು ಗಂಟೆಯೊಳಗೆ ಇಳಿದರೆ ಹೆದರಬೇಡಿ, ಮಿದುಳಿಗೆ ಹೊಸ ಗಾಯವಾಗಿಲ್ಲ. ಒಂದು ಗಂಟೆ ದಾಟಿದರೆ ಅಥವಾ ಮಾರನೆಯ ಬೆಳಿಗ್ಗೆಯೂ ಉಳಿದರೆ ಆವತ್ತಿನ ಪ್ರಮಾಣ ಹೆಚ್ಚಾಯಿತು. ಒಂದು ದಿನ ಬರೀ ಮನೆಯೊಳಗಿನ ಓಡಾಟಕ್ಕೆ ಇಳಿದು, ಮರುದಿನ 10 ಬಡಿತ ಕಡಿಮೆ ಮಾಡಿ ಮುಂದುವರಿಸಿ. ಒಂದು ವಾರ ತೊಂದರೆಯಿಲ್ಲದೆ ಕಳೆದರೆ 5ರಿಂದ 10 ಬಡಿತ ಹೆಚ್ಚಿಸಿ. ವೇಗ ಮತ್ತು ಸಮಯ ಎರಡನ್ನೂ ಒಂದೇ ವಾರ ಹೆಚ್ಚಿಸಬೇಡಿ, ತೊಂದರೆ ಬಂದರೆ ಯಾವುದರಿಂದ ಬಂತೆಂದು ತಿಳಿಯದು.

ದೊಡ್ಡ ಪೆಟ್ಟು: ಹಾಸಿಗೆಯಿಂದ ಅಂಗಳಕ್ಕೆ

ಇಲ್ಲಿ ಮೊದಲ ಕಷ್ಟ ನಡಿಗೆಯದಲ್ಲ, ಕೂರುವುದರದು. ವಾರಗಟ್ಟಲೆ ಮಲಗಿದ್ದವರನ್ನು ದಿಢೀರನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಬೀಳುತ್ತಾರೆ. ಮಲಗಿದಲ್ಲೇ ಪಾದವನ್ನು 20 ಸಲ ಮೇಲೆ ಕೆಳಗೆ ಆಡಿಸಿ. ಮಂಚದ ಅಂಚಿನಲ್ಲಿ ಕಾಲು ನೆಲಕ್ಕೆ ತಾಗುವಂತೆ 2-3 ನಿಮಿಷ ಕೂರಿಸಿ. ಮುಖ ಬಿಳಿಚಿಕೊಂಡಿಲ್ಲ, ಬೆವರಿಲ್ಲ, ಕಣ್ಣು ಮಂಜಾಗಿಲ್ಲ ಎಂದಾದರೆ ಮಾತ್ರ ನಿಲ್ಲಿಸಿ.

ಒಂದು ಕಡೆ ಕೈಕಾಲು ಸೋತಿದ್ದರೆ ಸೋತ ಬದಿಯಲ್ಲಿ, ಅರ್ಧ ಹೆಜ್ಜೆ ಹಿಂದೆ ನಿಂತುಕೊಳ್ಳಿ. ಸೊಂಟಕ್ಕೆ ಅಗಲವಾದ ಗಟ್ಟಿ ಬೆಲ್ಟ್ ಕಟ್ಟಿ ಅದನ್ನು ಬೆನ್ನ ಹಿಂದೆ ಹಿಡಿಯಿರಿ. ಪಂಚೆಯ ಗಂಟು, ಸೀರೆಯ ಸೆರಗು ಹಿಡಿದರೆ ಬಿಚ್ಚಿ ಕೈಗೆ ಬರುತ್ತವೆ. ಸೋತ ಕೈಯನ್ನು ಎಳೆದು ಎಬ್ಬಿಸುವುದಂತೂ ಬೇಡವೇ ಬೇಡ. ಆ ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳಿಗೆ ಬಲವಿರುವುದಿಲ್ಲ, ಒಮ್ಮೆ ಎಳೆದರೆ ಕೀಲು ಜಾರಿ ಹಲವು ತಿಂಗಳು ನೋಯುತ್ತದೆ. ಮನೆಯ ಗಂಡಸರು ಪ್ರೀತಿಯಿಂದಲೇ ಕಂಕುಳಿಗೆ ಕೈ ಹಾಕಿ ಎತ್ತುತ್ತಾರೆ, ಭುಜ ಕೆಡುವುದು ಅಲ್ಲೇ.

ನಡೆಯಲಾರದವರಿಗೆ ಕುರ್ಚಿಯ ಮುಂದೆ ನೆಲದಲ್ಲಿಡುವ ಪೆಡಲು ಸಾಧನ ಒಳ್ಳೆಯದು. ಕುರ್ಚಿಯನ್ನು ಗೋಡೆಗೆ ಒತ್ತರಿಸಿ, ಪೆಡಲಿನ ಕೆಳಗೆ ಜಾರದ ಮ್ಯಾಟ್ ಹಾಕಿ. ಸೋತ ಪಾದವನ್ನು ಪಟ್ಟಿಯಿಂದ ಪೆಡಲಿಗೆ ಕಟ್ಟಿ, ಮಂಡಿ ಹೊರಕ್ಕೆ ಬೀಳದಂತೆ ಒಬ್ಬರು ಕೈ ಆಸರೆ ಕೊಡಿ. 2 ನಿಮಿಷ ತುಳಿತ, 2 ನಿಮಿಷ ವಿಶ್ರಾಂತಿ, ಇಂಥ 4 ಸುತ್ತಿನಿಂದ ಶುರುಮಾಡಿ. ಪೆಡಲು ಇಲ್ಲದಿದ್ದರೆ ಕುರ್ಚಿಯಿಂದ ಎದ್ದು ಕೂರುವುದೇ ವ್ಯಾಯಾಮ: 5 ಸಲ ಎದ್ದು ಕೂತು, ಒಂದು ನಿಮಿಷ ನಿಲ್ಲಿಸಿ, ಮತ್ತೆ 5 ಸಲ. ಕುರ್ಚಿ ಎತ್ತರವಿದ್ದಷ್ಟೂ ಸುಲಭ. ತುಳಿಯುವ ಹೊತ್ತನ್ನು ವಾರಕ್ಕೆ ಒಟ್ಟು 2ರಿಂದ 5 ನಿಮಿಷದಂತೆ ಹೆಚ್ಚಿಸುತ್ತಾ, ವಾರಕ್ಕೆ 3ರಿಂದ 5 ದಿನ, 20ರಿಂದ 40 ನಿಮಿಷದ ಗುರಿಗೆ ಹೋಗಿ. ಒಂದೇ ಸಲಕ್ಕೆ ಆಗದಿದ್ದರೆ ಬೆಳಿಗ್ಗೆ ಸಂಜೆ ಹಂಚಿಕೊಳ್ಳಿ.

ನಾಡಿಯ ಗುರಿ ಹೀಗೆ: 220ರಿಂದ ವಯಸ್ಸು ಕಳೆಯಿರಿ. ಬಂದದ್ದರಿಂದ ವಿಶ್ರಾಂತಿಯ ನಾಡಿ ಕಳೆಯಿರಿ. ಉಳಿದದ್ದರ 40ರಿಂದ 60 ಪ್ರತಿಶತಕ್ಕೆ ವಿಶ್ರಾಂತಿಯ ನಾಡಿ ಸೇರಿಸಿ. 32 ವರ್ಷದವರ ವಿಶ್ರಾಂತಿ ನಾಡಿ 72 ಎಂದುಕೊಳ್ಳಿ: 220ರಿಂದ 32 ಕಳೆದರೆ 188, ಅದರಿಂದ 72 ಕಳೆದರೆ 116. ಅದರ 40 ಪ್ರತಿಶತ 46, 60 ಪ್ರತಿಶತ 70. ಗುರಿ 118ರಿಂದ 142. ತಿಂಗಳುಗಟ್ಟಲೆ ಮಲಗಿದ್ದವರಿಗೆ 118 ಕೂಡ ಹೆಚ್ಚೆನಿಸಬಹುದು, ಇನ್ನೂ ಕೆಳಗಿನಿಂದ ಶುರುಮಾಡಿದರೂ ತಪ್ಪಿಲ್ಲ. ಮಾತಿನ ಪರೀಕ್ಷೆಯನ್ನೂ ಜೊತೆಗಿಟ್ಟುಕೊಳ್ಳಿ: ವ್ಯಾಯಾಮ ಮಾಡುತ್ತಾ ಒಂದು ಪೂರ್ತಿ ವಾಕ್ಯ ಹೇಳಲು ಬರಬೇಕು, ಹಾಡಲು ಬರಬಾರದು. ಮಾತೇ ಕಷ್ಟವಿದ್ದವರಲ್ಲಿ ಉಸಿರಾಟ, ಬೆವರು, ಮುಖ ನೋಡಿ ನಿರ್ಧರಿಸಿ.

ಮನೆಯವರಿಗೆ ಒಂದು ಮಾತು ಒತ್ತಿ ಹೇಳಬೇಕಿದೆ. ಮಿದುಳಿನ ಮುಂಭಾಗಕ್ಕೆ ಪೆಟ್ಟಾದವರು ತಾವಾಗಿ ಏನನ್ನೂ ಶುರುಮಾಡುವುದಿಲ್ಲ. "ಏಳು" ಎಂದರೆ "ಆಮೇಲೆ" ಎನ್ನುತ್ತಾರೆ, ಆ ಆಮೇಲೆ ಬರುವುದೇ ಇಲ್ಲ. ಇದು ಸೋಮಾರಿತನವಲ್ಲ, ಗಾಯದ ಲಕ್ಷಣ. "ನಿಂಗೆ ಮನ್ಸಿಲ್ಲ" ಎಂದು ಬೈದರೆ ಇಬ್ಬರಿಗೂ ನೋವು. ದಿನವೂ ಅದೇ ಹೊತ್ತು, ಅದೇ ಜಾಗ, ಅದೇ ಬೂಟು ಇಡಿ. ಗೋಡೆಗೆ ದೊಡ್ಡ ಅಕ್ಷರದ ಪಟ್ಟಿ ಅಂಟಿಸಿ, ಮುಗಿದ ಮೇಲೆ ಅವರ ಕೈಯಿಂದಲೇ ಗುರುತು ಹಾಕಿಸಿ. "ಹೋಗೋಣ್ವಾ?" ಎಂದು ಕೇಳುವ ಬದಲು "ಬೂಟು ಹಾಕ್ಕೋ ಅಣ್ಣ" ಎಂದು ಒಂದೇ ಹೆಜ್ಜೆ ಹೇಳಿ. ಕೆಲವರಲ್ಲಿ ಇದರ ತಿರುವುಮುರುವು: ನಿಲ್ಲಿಸು ಎಂದರೂ ನಿಲ್ಲಿಸುವುದಿಲ್ಲ, ದಣಿವು ತಿಳಿಯುವುದಿಲ್ಲ. ಅವರಿಗೆ ಫೋನಿನಲ್ಲಿ ಅಲಾರಂ ಇಟ್ಟು, ಅದು ಹೊಡೆದಾಗ ನಿಲ್ಲುವುದನ್ನು ಅಭ್ಯಾಸ ಮಾಡಿಸಿ.

ಎಲ್ಲಿ, ಯಾವಾಗ, ಏನು ತಿಂದು

ಕೋಲಾರ ಪೇಟೆಯವರಿಗೆ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಂಥ ಸಮತಟ್ಟಾದ ಬಯಲು ಎಲ್ಲಕ್ಕಿಂತ ಒಳ್ಳೆಯದು. ಹಳ್ಳಿಯಲ್ಲಿ ಶಾಲೆಯ ಮೈದಾನ, ದೇವಸ್ಥಾನದ ಸುತ್ತಿನ ಅಂಗಳ ಆದೀತು. ಟೊಮೆಟೊ ತೋಟದ ಬದು, ಕೆರೆ ಏರಿ ಬೇಡ. ಹೆದ್ದಾರಿ 75ರ ಪಕ್ಕ ನಡೆಯುವುದಂತೂ ಬೇಡ. ಅಂತರಗಂಗೆಯ ಮೆಟ್ಟಿಲು ಹತ್ತಿ ಬರುವುದು ಆರೋಗ್ಯಕ್ಕೆ ಒಳ್ಳೆಯದೆಂದು ಯಾರಾದರೂ ಹುರಿದುಂಬಿಸಿಯಾರು. ಏರುವಾಗ ನಾಡಿ ಹತೋಟಿ ತಪ್ಪುತ್ತದೆ, ಇಳಿಯುವಾಗ ಸಮತೋಲ ತಪ್ಪುತ್ತದೆ, ಕೋತಿಗಳು ಬೇರೆ. ತಿಂಗಳುಗಳ ನಂತರ ನೋಡೋಣ. ಬೀದಿನಾಯಿಗಳಿರುವ ರಸ್ತೆಯಲ್ಲಿ ಒಬ್ಬರೇ ನಡೆಯಬೇಡಿ, ಬೆಚ್ಚಿ ತಿರುಗಿದಾಗಲೇ ಬೀಳುವುದು.

ಬೆಳಗಿನ ಹೊತ್ತು ದಣಿವು ಕಡಿಮೆ, ಸದ್ದೂ ಕಡಿಮೆ. ಮಾರ್ಚಿಯಿಂದ ಮೇ ತಿಂಗಳವರೆಗೆ 8 ಗಂಟೆಯೊಳಗೆ ಮುಗಿಸಿ. ಬಿಸಿಲಲ್ಲಿ ಅದೇ ವೇಗಕ್ಕೂ ನಾಡಿ ಹೆಚ್ಚು ಓಡುತ್ತದೆ, ತಲೆನೋವು ಬೇಗ ಬರುತ್ತದೆ. ಬರೀ ಹೊಟ್ಟೆಯಲ್ಲಿ ಮಾಡಬೇಡಿ. ಒಂದು ಗಂಟೆ ಮೊದಲು ಒಂದು ಲೋಟ ರಾಗಿ ಅಂಬಲಿಯೋ ಬಾಳೆಹಣ್ಣೋ ಸಾಕು. ಮುದ್ದೆ ಊಟವಾಗಿದ್ದರೆ ಎರಡು ಗಂಟೆ ಬಿಡಿ. ನುಂಗುವ ತೊಂದರೆ ಇರುವವರಿಗೆ ನೀರಾದ ಅಂಬಲಿ ಶ್ವಾಸನಾಳಕ್ಕೆ ಇಳಿಯಬಹುದು, ಆಸ್ಪತ್ರೆಯಲ್ಲಿ ಹೇಳಿದ ಗಟ್ಟಿಯಲ್ಲೇ ಕೊಡಿ. ರಕ್ತದಲ್ಲಿ ಸೋಡಿಯಂ ಇಳಿದು ನೀರಿಗೆ ಮಿತಿ ಹಾಕಿದ್ದರೆ, ಬೆವರಿತು ಎಂದು ಚೊಂಬುಗಟ್ಟಲೆ ಕುಡಿಸಬೇಡಿ.

ಎಲ್ಲಿ ಕೆಡುತ್ತದೆ

ಎಲ್ಲಕ್ಕಿಂತ ಹೆಚ್ಚು ಕೆಡುವುದು ಒಳ್ಳೆಯ ದಿನದಂದು. ತಲೆ ಹಗುರವಾಗಿದೆ ಎಂದು ಎರಡು ದಿನದ ಕೆಲಸ ಒಂದೇ ದಿನ ಮಾಡಿ, ಮುಂದಿನ ಮೂರು ದಿನ ಹಾಸಿಗೆ ಹಿಡಿಯುತ್ತಾರೆ. ಒಳ್ಳೆಯ ದಿನವೂ ಪಟ್ಟಿಯಲ್ಲಿ ಬರೆದಷ್ಟೇ ಮಾಡಿ.

ಇನ್ನೊಂದು, ಉಸಿರು ಬಿಗಿಹಿಡಿಯುವ ಕೆಲಸ. ಶುದ್ಧ ನೀರಿನ ಘಟಕದಿಂದ 20 ಲೀಟರ್ ಕ್ಯಾನು ತುಂಬಿಸಿ ಬೈಕಿಗೆ ಎತ್ತಿಡುವುದು ನಮ್ಮ ಜಿಲ್ಲೆಯ ನಿತ್ಯದ ಕೆಲಸ. ಉಸಿರು ಕಟ್ಟಿ ಎತ್ತುವಾಗ ತಲೆಯೊಳಗಿನ ಒತ್ತಡ ಏರುತ್ತದೆ. ಶೀರ್ಷಾಸನ, ಜೋರಾದ ಕಪಾಲಭಾತಿಯನ್ನೂ ವೈದ್ಯರು ಒಪ್ಪುವವರೆಗೆ ಮಾಡಬೇಡಿ.

ಎಲ್ಲ ತಲೆಸುತ್ತೂ ವ್ಯಾಯಾಮದ್ದಲ್ಲ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಅಟ್ಟದ ಕಡೆ ತಲೆ ಎತ್ತಿದಾಗ ಒಂದು ನಿಮಿಷದೊಳಗೆ ನಿಲ್ಲುವ ಸುತ್ತು ಒಳಕಿವಿಯ ಕಣಗಳು ಜಾಗ ತಪ್ಪಿದ್ದರಿಂದ ಬಂದಿರಬಹುದು. ತಲೆಗೆ ಪೆಟ್ಟಾದವರಲ್ಲಿ ಇದು ಸಾಮಾನ್ಯ. ಎಷ್ಟು ನಡೆದರೂ ಅದು ಹೋಗದು, ಆದರೆ ಪರಿಣಿತರು ತಲೆಯನ್ನು ಕ್ರಮವಾಗಿ ತಿರುಗಿಸಿ ಮಾಡುವ ಎಪ್ಲಿ ವಿಧಾನದಲ್ಲಿ ಬೇಗ ಸರಿಹೋಗುತ್ತದೆ. ಹಾಗೆಯೇ ಹಿಂದಲೆಯಿಂದ ಶುರುವಾಗಿ ಕುತ್ತಿಗೆ ತಿರುಗಿಸಿದಾಗ ಹೆಚ್ಚುವ ನೋವು ಕುತ್ತಿಗೆಯದಿರಬಹುದು, ಅದಕ್ಕೆ ಚಿಕಿತ್ಸೆ ಬೇರೆ.

ಫಿಟ್ಸ್ ಇರುವವರು ಮಾತ್ರೆ ತಪ್ಪಿದ ದಿನ, ನಿದ್ದೆಗೆಟ್ಟ ದಿನ ವ್ಯಾಯಾಮ ಬಿಡಿ. ಬಾವಿ, ಕೆರೆಯಲ್ಲಿ ಈಜು ಬೇಡ, ರಸ್ತೆಯಲ್ಲಿ ಸೈಕಲ್ಲೂ ಬೇಡ. ಕರ್ನಾಟಕ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮದ ಮೊದಲ ಜಿಲ್ಲೆಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಇದ್ದವು. ಫಿಟ್ಸ್, ಬಿಡದ ತಲೆನೋವಿಗೆ ಜಿಲ್ಲಾಸ್ಪತ್ರೆಯಲ್ಲಿ ಮಿದುಳು ಕ್ಲಿನಿಕ್ ಯಾವ ದಿನ ಎಂದು ವಿಚಾರಿಸಿ.

ವ್ಯಾಯಾಮದ ಲೆಕ್ಕಾಚಾರವನ್ನೆಲ್ಲ ಬದಿಗಿಟ್ಟು 108ಕ್ಕೆ ಕರೆ ಮಾಡಬೇಕಾದ ಸಂದರ್ಭಗಳು ಇವು: ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಹೊಸದಾಗಿ ಕೈಕಾಲು ಸೋಲುವುದು, ಮಾತು ತೊದಲುವುದು, ಫಿಟ್ಸ್, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಮೂಗು ಅಥವಾ ಕಿವಿಯಿಂದ ತಿಳಿನೀರು ಸೋರುವುದು. ವಯಸ್ಸಾದವರಲ್ಲಿ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ರಕ್ತ ನಿಧಾನವಾಗಿ ಸಂಗ್ರಹವಾಗಿ, ಬಿದ್ದು ಕೆಲವು ವಾರಗಳಾದ ಮೇಲೆ ನಡಿಗೆ ವಾಲಬಹುದು, ಮರೆವು ಹೆಚ್ಚಬಹುದು. ತಾತ ಹೋದ ವಾರ ಚೆನ್ನಾಗಿ ನಡೆಯುತ್ತಿದ್ದರು, ಈ ವಾರ ಕಾಲು ಎಳೆಯುತ್ತಿದ್ದಾರೆ ಎಂದರೆ ಸುಸ್ತು ಎಂದು ಸುಮ್ಮನಿರದೆ ಅವತ್ತೇ ಸ್ಕ್ಯಾನ್ ಮಾಡಿಸಿ.

ಕೆಲಸಕ್ಕೆ ಮರಳುವ ಮೊದಲು

ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಲ್ಲಿ ಶಿಫ್ಟ್ ಮಾಡುವವರು ರಾತ್ರಿಪಾಳಿಗೆ ಮರಳುವ ಅವಸರ ಮಾಡಬೇಡಿ. ನಿದ್ದೆ ಕೆಟ್ಟರೆ ವಾರಗಳ ಸುಧಾರಣೆ ಕೆಲವೇ ದಿನದಲ್ಲಿ ಹಿಂದೆ ಸರಿಯುತ್ತದೆ. ಲೆಕ್ಕದ ನಾಡಿಯಲ್ಲಿ 30 ನಿಮಿಷ ನಡೆದು, ಅದೇ ದಿನ ಮನೆಗೆಲಸವನ್ನೂ ಮಾಡಿ, ಮಾರನೆಯ ಬೆಳಿಗ್ಗೆ ಅಂಕ ಏರದೆ ಎರಡು ವಾರ ಕಳೆದರೆ, ಹಗಲು ಪಾಳಿಯಲ್ಲಿ ಅರ್ಧ ದಿನದಿಂದ ಶುರುಮಾಡುವ ಬಗ್ಗೆ ವೈದ್ಯರ ಹತ್ತಿರ ಮಾತಾಡಿ. ಬೈಕ್ ಓಡಿಸುವುದಕ್ಕೆ ಪ್ರತ್ಯೇಕವಾಗಿ ಒಪ್ಪಿಗೆ ಕೇಳಬೇಕು, ನಡಿಗೆ ಚೆನ್ನಾಗಿದೆ ಎಂದಮಾತ್ರಕ್ಕೆ ಅದು ಬಂದಂತಲ್ಲ. ಪರೀಕ್ಷೆಗೆ ಹೋಗುವಾಗ ನೋಟ್‌ಬುಕ್ ತೆಗೆದುಕೊಂಡು ಹೋಗಿ: ದಿನಾಂಕ, ಎಷ್ಟು ನಿಮಿಷ, ಹೆಚ್ಚೆಂದರೆ ನಾಡಿ ಎಷ್ಟು, ಮೊದಲಿನ ಅಂಕ, ನಂತರದ ಅಂಕ, ಮಾರನೆಯ ಬೆಳಗಿನ ಅಂಕ. ಈ ಆರು ಕಾಲಂ ಇದ್ದರೆ ಮುಂದಿನ ತಿಂಗಳ ನಾಡಿಯ ಗುರಿಯನ್ನು ವೈದ್ಯರು ಅಲ್ಲೇ ಬರೆದುಕೊಡಬಹುದು.